ಶಾಲೆಗಳಲ್ಲಿ ಕಡ್ಡಾಯ ಮಾದಕವಸ್ತು ಪರೀಕ್ಷೆ: ಒಂದು ದೈವಶಾಸ್ತ್ರೀಯ ವಿಚಾರ

ಅಮೆರಿಕದ ಸರಕಾರಿ ಶಾಲೆಗಳಲ್ಲಿ ವಿದ್ಯಾರ್ಥಿಗಳ ಮೂತ್ರವನ್ನು ಪರೀಕ್ಷಿಸಿ ಮಾದಕವಸ್ತು ಸೇವನೆಯನ್ನು ಪತ್ತೆಹಚ್ಚುವ ಪದ್ಧತಿಯು ಮೂರು ದಶಕಗಳಿಂದ ವಿವಾದಕ್ಕೆ ಆಸ್ಪದವಾಗಿದೆ. ಮನುಷ್ಯನ ಘನತೆಯನ್ನು ಕುರಿತ ಕ್ರೈಸ್ತ ಬೋಧನೆಗೆ ಇದು ಸಂಬಂಧಿಸಿರುವುದರಿಂದ ಇಲ್ಲಿ ಅದನ್ನು ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಅಲ್ಲಿನ ಸಂವಿಧಾನದ ನಾಲ್ಕನೆಯ ತಿದ್ದುಪಡಿಯು ಅಸಮಂಜಸವಾದ ಶೋಧನೆಯನ್ನು ನಿಷೇಧಿಸುತ್ತದೆ. ಆದರೆ 1995ರಲ್ಲಿ, ಆರೆಗನ್ ರಾಜ್ಯದ ವರ್ನೋನಿಯದ ಮೊಕದ್ದಮೆಯಲ್ಲಿ, ಶಾಲಾ ಕ್ರೀಡಾಪಟುಗಳ ಪರೀಕ್ಷೆಯನ್ನು ಸುಪ್ರೀಂ ಕೋರ್ಟು 6–3 ಮತಗಳಿಂದ ಎತ್ತಿಹಿಡಿಯಿತು. 2002ರಲ್ಲಿ, ಓಕ್ಲಹೋಮದ ಟೆಕಮ್ಸೆಯ ಮೊಕದ್ದಮೆಯಲ್ಲಿ, ಗಾಯನವೃಂದವೇ ಮೊದಲಾದ ಸ್ಪರ್ಧಾತ್ಮಕ ಚಟುವಟಿಕೆಗಳಿಗೂ 5–4 ಮತಗಳಿಂದ ಅದನ್ನು ವಿಸ್ತರಿಸಿತು. ಎಲ್ಲ ವಿದ್ಯಾರ್ಥಿಗಳನ್ನೂ ಪರೀಕ್ಷಿಸಬಹುದೇ ಎಂಬುದನ್ನು ಈ ತೀರ್ಪುಗಳು ನಿರ್ಣಯಿಸಲಿಲ್ಲ.

ಸಮರ್ಥಕರ ವಾದವು ಹಗುರವಾದದ್ದಲ್ಲ. ಶಾಲೆಯು ಮಕ್ಕಳ ಪಾಲಕಸ್ಥಾನದಲ್ಲಿದೆ. ಫಲಿತಾಂಶವು ಪೊಲೀಸರಿಗೆ ಹೋಗುವುದಿಲ್ಲ. ಗೆಳೆಯರ ಒತ್ತಾಯವನ್ನು ನಿರಾಕರಿಸಲು ಮಗುವಿಗೊಂದು ನೆವ ದೊರೆಯುತ್ತದೆ. ದೇಹವು ಪವಿತ್ರಾತ್ಮನ ಆಲಯವೆಂಬ ಪೌಲನ ಬೋಧನೆಯನ್ನು (1 ಕೊರಿಂಥ 6:19) ನಂಬುವ ನಾವು ಈ ಕಾಳಜಿಯನ್ನು ತಳ್ಳಿಹಾಕಲಾರೆವು.

ಆದರೂ ಎರಡು ಆಕ್ಷೇಪಗಳು ಉಳಿಯುತ್ತವೆ. ಮೊದಲನೆಯದು, ಯಾವ ಸಂಶಯಕ್ಕೂ ಗುರಿಯಾಗದ ಮಗು ತನ್ನ ನಿರಪರಾಧವನ್ನು ತಾನೇ ರುಜುಪಡಿಸಬೇಕಾಗುತ್ತದೆ. ಎರಡನೆಯದನ್ನು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ 2002ರ ಭಿನ್ನಮತದಲ್ಲಿ ಎತ್ತಿದರು: ಇಂಥ ಚಟುವಟಿಕೆಗಳಲ್ಲಿ ತೊಡಗಿದವರು ವ್ಯಸನಕ್ಕೆ ಬೀಳುವ ಸಂಭವ ಕಡಿಮೆ, ಪರೀಕ್ಷೆಗೆ ಅಂಜಿ ದೂರ ಸರಿಯುವವರು ಅವುಗಳ ಆಸರೆ ಹೆಚ್ಚಾಗಿ ಬೇಕಾದವರೇ. 2003ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷೆ ನಡೆಸುವ ಮತ್ತು ನಡೆಸದ ಶಾಲೆಗಳನ್ನು ಹೋಲಿಸಿದಾಗ ಸೇವನೆಯ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಇಲ್ಲಿ 139ನೆಯ ಕೀರ್ತನೆಯು ನಮಗೆ ದಾರಿ ತೋರುತ್ತದೆ. ಅದರ ಆರಂಭದಲ್ಲಿ ಭಕ್ತನು ದೇವರು ತನ್ನನ್ನು ಪೂರ್ಣವಾಗಿ ಅರಿತಿರುವನೆಂದು ಒಪ್ಪಿಕೊಳ್ಳುತ್ತಾನೆ. ಅಂತ್ಯದಲ್ಲಿ ತನ್ನನ್ನು ಪರೀಕ್ಷಿಸಬೇಕೆಂದು ತಾನಾಗಿಯೇ ಬೇಡುತ್ತಾನೆ. ಪರೀಕ್ಷಿಸುವಾತನು ಅವನನ್ನು ಗರ್ಭದಲ್ಲಿಯೇ ರೂಪಿಸಿದವನು. ಪರೀಕ್ಷೆಯ ಉದ್ದೇಶವು ಸರಿದಾರಿಯಲ್ಲಿ ನಡಿಸುವುದೇ ಹೊರತು ಹೊರಗಟ್ಟುವುದಲ್ಲ. ಪ್ರೀತಿಯ ಅರಿವು ಮೊದಲು, ಪರೀಕ್ಷೆ ಅನಂತರ. ಕಡ್ಡಾಯ ಪರೀಕ್ಷೆಯಲ್ಲಿ ಈ ಕ್ರಮವು ತಲೆಕೆಳಗಾಗುತ್ತದೆ.

ಪರೀಕ್ಷೆಯೆಲ್ಲವೂ ತಪ್ಪೆಂದು ಇದರಿಂದ ಸಿದ್ಧವಾಗದು. ಸಕಾರಣ ಸಂಶಯವಿದ್ದಲ್ಲಿ, ಚಿಕಿತ್ಸೆಯ ಏರ್ಪಾಡಿನೊಡನೆ ನಡೆಯುವ ಪರೀಕ್ಷೆ ಕರುಣೆಯ ಕಾರ್ಯವಾಗಬಲ್ಲದು. ಆದರೆ ಸಭೆಯ ಶಾಲೆಗಳ ಮತ್ತು ವಸತಿನಿಲಯಗಳ ಹೊಣೆ ಹೊರುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಎಡವಿದ ಮಗು ತಾನಾಗಿಯೇ ಬಂದು ಹೇಳಿಕೊಳ್ಳಬಲ್ಲ ಒಬ್ಬ ಹಿರಿಯನಾದರೂ ಇಲ್ಲಿ ಇದ್ದಾನೆಯೇ?