ಕಡುಬು ಬಿಟ್ಟರೆ ತೂಕ ಇಳಿಯುತ್ತದೆಯೇ?

ಮೂಡಿಗೆರೆ, ಕಳಸದ ಕಡೆ ಮಳೆಗಾಲದ ಬೆಳಗೆಂದರೆ ಹಬೆಯಾಡುವ ಕಡುಬು. ಅಕ್ಕಿ ತರಿಯನ್ನು ನೀರಿನಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಕೈಯಲ್ಲಿ ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿಟ್ಟು ತೆಗೆಯಬೇಕು. ಜೊತೆಗೆ ಕೋಳಿ ಸಾರು, ಅದಿಲ್ಲದ ದಿನ ಕಳಲೆ ಪಲ್ಯ ಅಥವಾ ಕಾಯಿಚಟ್ನಿ. ಮಧ್ಯಾಹ್ನ ಅನ್ನ, ರಾತ್ರಿ ಅಕ್ಕಿ ರೊಟ್ಟಿ, ಇಲ್ಲವೇ ಮತ್ತೆ ಅನ್ನ. ಮೂರು ಹೊತ್ತೂ ಅಕ್ಕಿ ಬೇಯುವ ಈ ಅಡುಗೆಮನೆಗಳಿಗೂ ಈಗ ‘ಲೋ ಕಾರ್ಬ್’ ಮಾತು ಬಂದು ಸೇರಿದೆ. ಅಕ್ಕಿ ಪೂರ್ತಿ ಬಿಡಿ, ಕೋಳಿ, ಮೊಟ್ಟೆ, ಬೆಣ್ಣೆ ಎಷ್ಟು ಬೇಕಾದರೂ ತಿನ್ನಿ, ತೂಕ ತಾನಾಗಿ ಇಳಿಯುತ್ತದೆ ಎಂಬ ಸಲಹೆ ಮೊಬೈಲಿನಲ್ಲೂ ಸಿಗುತ್ತದೆ, ಬಾಡೂಟದ ಪಂಕ್ತಿಯಲ್ಲೂ ಸಿಗುತ್ತದೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಸರಿಯಾಗಿ ತಿಳಿಯದೆ ಊಟ ಬದಲಿಸಿದರೆ ತೊಂದರೆಯಾಗಬಹುದು.

ಮೊದಲು ಲೆಕ್ಕ ನೋಡೋಣ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್, 8 ಗ್ರಾಂ ಪ್ರೋಟೀನ್ ಇರುತ್ತದೆ. ಅರವತ್ತು ಗ್ರಾಂ ಹಿಟ್ಟಿನಲ್ಲಿ ತಟ್ಟಿದ ಒಂದು ಅಕ್ಕಿ ರೊಟ್ಟಿ ಎಂದರೆ 47 ಗ್ರಾಂ ಕಾರ್ಬೋಹೈಡ್ರೇಟ್. ದಿನಕ್ಕೆ 130 ಗ್ರಾಂಗಿಂತ ಕಡಿಮೆಯಾದರೆ ಅದನ್ನು ಲೋ ಕಾರ್ಬ್ ಎಂದು ಸಾಮಾನ್ಯವಾಗಿ ಕರೆಯುತ್ತಾರೆ. ಕೀಟೋ ಪಥ್ಯದಲ್ಲಿ ಮಿತಿ ಇನ್ನೂ ಬಿಗಿ, 20ರಿಂದ 50 ಗ್ರಾಂ ಅಷ್ಟೇ. ಅಂದರೆ ಒಂದೇ ಒಂದು ರೊಟ್ಟಿಗೆ ಇಡೀ ದಿನದ ಕೋಟಾ ಮುಗಿಯಿತು. ಮಲೆನಾಡಿನ ಊಟಕ್ಕೂ ಕೀಟೋಗೂ ನಡುವಿನ ದೂರ ಇಷ್ಟಿದೆ.

ಹೀಗೆ ಅನ್ನ ಬಿಟ್ಟವರು ಮೊದಲ ವಾರದಲ್ಲೇ ಎರಡು ಕೆಜಿ ಇಳಿದೆವು ಎಂದು ಸಂತೋಷಪಡುತ್ತಾರೆ. ಸುಳ್ಳಲ್ಲ, ತಕ್ಕಡಿ ಹಾಗೇ ತೋರಿಸುತ್ತದೆ. ಆದರೆ ಇಳಿದದ್ದರಲ್ಲಿ ಬಹುಪಾಲು ಕೊಬ್ಬಲ್ಲ. ನಮ್ಮ ದೇಹ ಸಕ್ಕರೆಯ ಅಂಶವನ್ನು ಗ್ಲೈಕೋಜನ್ ರೂಪದಲ್ಲಿ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಕೂಡಿಡುತ್ತದೆ. ಎಲ್ಲ ಸೇರಿ ಸುಮಾರು ಅರ್ಧ ಕೆಜಿ. ಈ ಗ್ಲೈಕೋಜನ್ನಿನ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಕಾರ್ಬೋಹೈಡ್ರೇಟ್ ಬರುವುದು ನಿಂತಾಗ ದೇಹ ಈ ದಾಸ್ತಾನನ್ನು ಖರ್ಚು ಮಾಡುತ್ತದೆ, ನೀರು ಮೂತ್ರವಾಗಿ ಹೋಗುತ್ತದೆ. ಹಬ್ಬದ ದಿನ ಎರಡು ಹೊತ್ತು ಕಡುಬು ತಿಂದರೆ ಆ ತೂಕದ ಒಂದಷ್ಟು ಪಾಲು ಮರಳಿ ಬಂದಿರುವುದಕ್ಕೂ ಇದೇ ಕಾರಣ.

ಆಮೇಲಿನ ಹಂತ ನಿಜವಾದ ಕೊಬ್ಬಿನದು. ಇನ್ಸುಲಿನ್ ತಗ್ಗುತ್ತದೆ, ಯಕೃತ್ತು ಕೊಬ್ಬಿನಿಂದ ಕೀಟೋನ್ ತಯಾರಿಸುತ್ತದೆ, ಮಿದುಳು ಕೂಡ ಅದನ್ನು ಬಳಸಿಕೊಳ್ಳುತ್ತದೆ. ಪ್ರೋಟೀನ್ ಜಾಸ್ತಿಯಾದ್ದರಿಂದ ಹಲವರಿಗೆ ಹಸಿವು ಕಡಿಮೆಯಾಗುತ್ತದೆ. ಬೇಕರಿ ತಿಂಡಿ, ಸಿಹಿ, ಕೂಲ್ ಡ್ರಿಂಕ್ಸ್ ಅನ್ನದ ಜೊತೆಗೇ ಮನೆಯಿಂದ ಹೊರಗೆ ಹೋಗಿರುತ್ತವೆ. ಒಟ್ಟು ತಿನ್ನುವುದು ಕಡಿಮೆಯಾಗುತ್ತದೆ, ತೂಕವೂ ಇಳಿಯುತ್ತದೆ.

ಈ ಪಥ್ಯ ಹೊಸದೇನಲ್ಲ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತ ತನ್ನ ವೈದ್ಯರ ಮಾತು ಕೇಳಿ ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ ಬಿಟ್ಟು ತೆಳ್ಳಗಾದ ಕತೆಯನ್ನು 1863ರಲ್ಲೇ ಅಚ್ಚು ಹಾಕಿಸಿದ. ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ 1921ರಲ್ಲಿ ಕೀಟೋ ಪಥ್ಯವನ್ನು ಸೂಚಿಸಿದ್ದು ಮೂರ್ಛೆರೋಗದ ಚಿಕಿತ್ಸೆಗೆ, ತೂಕ ಇಳಿಸಲು ಅಲ್ಲ. ತೂಕದ ಹೆಸರಿನಲ್ಲಿ ಅದು ಜನಪ್ರಿಯವಾದದ್ದು 1972ರಲ್ಲಿ ಡಾ. ಅಟ್ಕಿನ್ಸ್ ಪುಸ್ತಕ ಬಂದ ಮೇಲೆ.

ಸರಿ, ಬೇರೆ ಪಥ್ಯಗಳಿಗಿಂತ ಇದು ಮೇಲೇ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೊಫರ್ ಗಾರ್ಡ್ನರ್ ತಂಡ 609 ಮಂದಿಯನ್ನು ಒಂದು ವರ್ಷ ನೋಡಿಕೊಂಡು 2018ರಲ್ಲಿ ಉತ್ತರ ಪ್ರಕಟಿಸಿತು. ಅರ್ಧದಷ್ಟು ಜನರಿಗೆ ಕೊಬ್ಬು ಕಡಿಮೆಯ ಊಟ, ಉಳಿದವರಿಗೆ ಕಾರ್ಬೋಹೈಡ್ರೇಟ್ ಕಡಿಮೆಯ ಊಟ. ಕೊಬ್ಬು ಬಿಟ್ಟವರು ಸರಾಸರಿ 5.3 ಕೆಜಿ ಇಳಿದರು, ಕಾರ್ಬ್ ಬಿಟ್ಟವರು 6 ಕೆಜಿ. ಸಂಖ್ಯಾಶಾಸ್ತ್ರದ ಪ್ರಕಾರ ಇದು ವ್ಯತ್ಯಾಸವೇ ಅಲ್ಲ. ಎರಡೂ ಗುಂಪಿಗೆ ಸಕ್ಕರೆ, ಮೈದಾ ಬಿಡಿ, ತರಕಾರಿ ಹೆಚ್ಚು ತಿನ್ನಿ, ಮನೆಯಲ್ಲೇ ಅಡುಗೆ ಮಾಡಿ ಎಂದು ಹೇಳಿದ್ದರು. ಫಲ ಕೊಟ್ಟದ್ದು ಬಹುಶಃ ಆ ಮಾತೇ.

ಅದಕ್ಕೂ ಬೆರಗಿನ ಸಂಗತಿ ಬ್ರಿಟನ್ನಿನದು. 2017ರಲ್ಲಿ ವರದಿಯಾದ ‘ಡೈರೆಕ್ಟ್’ ಪ್ರಯೋಗದಲ್ಲಿ ಮಧುಮೇಹಿಗಳಿಗೆ ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ದ್ರವಾಹಾರ ಮಾತ್ರ ಕೊಟ್ಟರು. ವರ್ಷ ಕಳೆಯುವಾಗ ನೂರರಲ್ಲಿ 46 ಮಂದಿ ಔಷಧಿಯಿಲ್ಲದೆ ಸಕ್ಕರೆ ಕಾಯಿಲೆಯ ಮಟ್ಟದಿಂದ ಹೊರಗೆ ಬಂದಿದ್ದರು. ಆ ದ್ರವಾಹಾರದ ಶಕ್ತಿಯಲ್ಲಿ ಶೇ 59 ಭಾಗ ಕಾರ್ಬೋಹೈಡ್ರೇಟಿನದ್ದೇ ಆಗಿತ್ತು. ಒಟ್ಟು ಊಟ ಇಳಿದು, ತೂಕ ಇಳಿದದ್ದೇ ಅಲ್ಲಿನ ಗುಟ್ಟು. ಹಾಗೆಂದು ಲೋ ಕಾರ್ಬ್ ನಿರುಪಯೋಗಿ ಅಲ್ಲ. ಮಧುಮೇಹಿಗಳ ಮೇಲಿನ 23 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2021ರ ವಿಶ್ಲೇಷಣೆಯಲ್ಲಿ ಆರು ತಿಂಗಳಿಗೆ ಸಕ್ಕರೆ ಚೆನ್ನಾಗಿಯೇ ಹತೋಟಿಗೆ ಬಂದಿತ್ತು. ಹನ್ನೆರಡು ತಿಂಗಳಾಗುವಾಗ ಆ ಮೇಲುಗೈ ಕುಗ್ಗಿತ್ತು. ವರ್ಷಗಟ್ಟಲೆ ಹಿಡಿದುಕೊಳ್ಳಲಾಗದ ಪಥ್ಯಕ್ಕೆ ಇದೇ ದೊಡ್ಡ ತೊಡಕು. ಸುತ್ತಲೂ ಅಕ್ಕಿಯೇ ಬೇಯುವ ಊರಿನಲ್ಲಿ ಇದು ಇನ್ನೂ ಕಷ್ಟ.

ಆಯುಷ್ಯದ ಮಾತು ಬಂದಾಗ ನಾನು ಹೆಚ್ಚು ತೂಗಿ ನೋಡುವುದು 2018ರ ಇನ್ನೊಂದು ಅಧ್ಯಯನವನ್ನು. ಅಮೆರಿಕದ 15,428 ಜನರನ್ನು ದಶಕಗಳ ಕಾಲ ಗಮನಿಸಿದಾಗ, ಶಕ್ತಿಯ ಶೇ 50ರಿಂದ 55ರಷ್ಟನ್ನು ಕಾರ್ಬೋಹೈಡ್ರೇಟಿನಿಂದ ಪಡೆದವರಲ್ಲಿ ಸಾವಿನ ಪ್ರಮಾಣ ಕನಿಷ್ಠವಾಗಿತ್ತು. ಅದಕ್ಕಿಂತ ಬಹಳ ಹೆಚ್ಚಾದರೂ, ಬಹಳ ಕಡಿಮೆಯಾದರೂ ಅಪಾಯ ಏರುತ್ತಿತ್ತು. ಕಡಿಮೆ ತಿಂದವರಲ್ಲೂ ಆ ಜಾಗಕ್ಕೆ ಮಾಂಸ, ಪ್ರಾಣಿಜನ್ಯ ಕೊಬ್ಬು ತಂದುಕೊಂಡವರಿಗೆ ಅಪಾಯ ಹೆಚ್ಚು, ಕಾಳು, ಬೀಜ, ತರಕಾರಿ ತಂದುಕೊಂಡವರಿಗೆ ಕಡಿಮೆ. ತಟ್ಟೆಯಲ್ಲಿ ತೆರವಾದ ಜಾಗಕ್ಕೆ ಏನು ಬಂತು ಎಂಬುದನ್ನೇ ಮುಖ್ಯವಾಗಿ ಕೇಳಬೇಕು.

ನಮ್ಮ ದೇಶದ ತಟ್ಟೆ ಆ 50–55ರ ಆಚೆ ಇದೆ. ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ 2025ರ ವರದಿಯಂತೆ ಭಾರತೀಯರು ದಿನದ ಶಕ್ತಿಯ ಶೇ 62ರಷ್ಟನ್ನು ಕಾರ್ಬೋಹೈಡ್ರೇಟಿನಿಂದ ಪಡೆಯುತ್ತಾರೆ. ಇದೇ ಸಮೀಕ್ಷೆಯನ್ನು ಆಧರಿಸಿ ಚೆನ್ನೈನ ಡಾ. ಆರ್.ಎಂ. ಅಂಜನಾ, ಡಾ. ವಿ. ಮೋಹನ್ ಅವರ ತಂಡ 2022ರಲ್ಲಿ ಹೊಸ ಮಧುಮೇಹಿಗಳಿಗೆ ಸೂಚಿಸಿದ್ದು ಶೇ 49ರಿಂದ 54. ಎರಡು ಸಾವಿರ ಕ್ಯಾಲೊರಿ ಉಣ್ಣುವವರು 62ರಿಂದ 50ಕ್ಕೆ ಬರಬೇಕಾದರೆ ಬಿಡಬೇಕಾದ್ದು ದಿನಕ್ಕೆ ಅರವತ್ತು ಗ್ರಾಂ ಕಾರ್ಬೋಹೈಡ್ರೇಟ್. ಅಂದರೆ ಒಂದು ಅಕ್ಕಿ ರೊಟ್ಟಿ ಮತ್ತು ಎರಡೂವರೆ ಚಮಚ ಸಕ್ಕರೆ. ಇದು ಕೀಟೋ ಅಲ್ಲ, ಕಡುಬನ್ನು ಮನೆಯಿಂದ ಅಟ್ಟುವ ಕಾರ್ಯಕ್ರಮವೂ ಅಲ್ಲ. ಆ ಸಕ್ಕರೆಯಂತೂ ಕಾಫಿಯಲ್ಲೇ ಸಿಗುತ್ತದೆ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಎಂದರೆ 50 ಗ್ರಾಂ, ಇನ್ನೂರು ಕ್ಯಾಲೊರಿ. ಬೆಲ್ಲದ ಕಾಫಿಗೂ ಹೆಚ್ಚುಕಡಿಮೆ ಇದೇ ಲೆಕ್ಕ, ಬೆಲ್ಲ ಎಂದ ಮಾತ್ರಕ್ಕೆ ರಿಯಾಯಿತಿ ಇಲ್ಲ.

ಅಜ್ಜಂದಿರ ಕಾಲದಲ್ಲೂ ಇಷ್ಟೇ ಅನ್ನ ಉಣ್ಣುತ್ತಿದ್ದರಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆಗ ಗದ್ದೆ ಉಳುವುದರಿಂದ ನಾಟಿಯವರೆಗೆ ಕೆಸರಿನಲ್ಲಿ ಕೆಲಸ, ತೋಟ ಸುತ್ತುವುದೆಂದರೆ ಗುಡ್ಡ ಹತ್ತಿ ಇಳಿಯುವುದು. ಈಗ ಎಷ್ಟೋ ಗದ್ದೆಗಳಲ್ಲಿ ಅಡಿಕೆ ನಿಂತಿದೆ, ತೋಟದ ಮೂಲೆಯವರೆಗೆ ಜೀಪು ಹೋಗುತ್ತದೆ. ಮೈ ದಂಡಿಸುವುದು ನಿಂತರೂ ತಟ್ಟೆಯ ಅನ್ನ ಹಾಗೇ ಉಳಿಯಿತು. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಹತ್ತರಲ್ಲಿ ಮೂವರಿಗೆ ತೂಕ ಹೆಚ್ಚು. ತೆಳ್ಳಗಿದ್ದೇವೆಂದು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. ಪುಣೆಯ ಡಾ. ಸಿ.ಎಸ್. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮನ್ನೇ ಅಳೆದುಕೊಂಡು ತೋರಿಸಿದರು: ಇಬ್ಬರ ಬಿಎಂಐ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ 21.2. ನಮ್ಮವರು ತಕ್ಕಡಿಗಿಂತ ಸೊಂಟದ ಟೇಪನ್ನು ನಂಬುವುದು ಒಳ್ಳೆಯದು. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದನ್ನು ದಾಟಿದರೆ ಎಚ್ಚರ.

ತೆರವಾದ ಜಾಗಕ್ಕೆ ಏನಿಡಬೇಕು ಎಂಬುದಕ್ಕೆ ಮಲೆನಾಡಿನ ಅಡುಗೆಮನೆಯಲ್ಲೇ ಉತ್ತರವಿದೆ. ಹುರುಳಿ, ಅವರೆ, ಹಳ್ಳದ ಮೀನು, ಏಡಿ, ಮೊಟ್ಟೆ, ಹುಳಿ ಹಾಕಿ ಬೇಯಿಸಿದ ಕೆಸುವಿನ ಸೊಪ್ಪು. ಕಳಲೆಯಲ್ಲಿ ಕಾರ್ಬೋಹೈಡ್ರೇಟ್ ತೀರ ಕಡಿಮೆ, ನಾರು ಧಾರಾಳ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಒಂದು ವಸ್ತು ಇರುವುದರಿಂದ ಹೆಚ್ಚಿದ ಹೋಳನ್ನು ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕಿ, ಆಮೇಲೆ ಚೆನ್ನಾಗಿ ಬೇಯಿಸುತ್ತಾರೆ. ರಸಾಯನಶಾಸ್ತ್ರ ಓದದ ಅಜ್ಜಿಯರು ಉಳಿಸಿಕೊಟ್ಟ ಈ ಕ್ರಮವನ್ನು ಅವಸರದಲ್ಲಿ ಬಿಡಬಾರದು. ಕಾಫಿ ಗಿಡಕ್ಕೆ ನೆರಳಾಗಿ ನಿಂತ ಹಲಸನ್ನೂ ಮರೆಯುವಂತಿಲ್ಲ. ಆಂಧ್ರದ ಶ್ರೀಕಾಕುಳಂನಲ್ಲಿ 40 ಮಧುಮೇಹಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಕ್ಕಿ ಗೋಧಿಯ ಬದಲು ದಿನಕ್ಕೆ 30 ಗ್ರಾಂ ಎಳೆ ಹಲಸಿನಕಾಯಿ ಹಿಟ್ಟು ಕೊಟ್ಟಾಗ ಹನ್ನೆರಡು ವಾರದಲ್ಲಿ ಸಕ್ಕರೆ ಇಳಿದಿತ್ತು. ಪ್ರಯೋಗ ಸಣ್ಣದು, ಭರವಸೆ ಮೂಡಿಸುವಂಥದ್ದು. ಹಣ್ಣಾದ ತೊಳೆಗೆ ಈ ಮಾತು ಅನ್ವಯಿಸುವುದಿಲ್ಲ. ಅಕ್ಕಿಯನ್ನು ಬಿಟ್ಟು ಅಷ್ಟೇ ಪ್ರಮಾಣದ ರಾಗಿ ಮುದ್ದೆ ಉಂಡರೂ ಸಾಲದು. ಒಟ್ಟು ಕಾರ್ಬೋಹೈಡ್ರೇಟ್ ಇಳಿಸದೆ ಅಕ್ಕಿಯ ಬದಲು ಗೋಧಿ, ಸಿರಿಧಾನ್ಯ ತಿಂದವರಲ್ಲಿ ಮಧುಮೇಹದ ಅಪಾಯ ಕಡಿಮೆ ಇರಲಿಲ್ಲ ಎಂದು ಇಂಡಿಯಾಬ್ ವರದಿ ಹೇಳುತ್ತದೆ.

ಕೆಲವರಂತೂ ವೈದ್ಯರನ್ನು ಕೇಳದೆ ಈ ದಾರಿ ಹಿಡಿಯಲೇಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ದಿಢೀರನೆ ಅನ್ನ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಪಾಗ್ಲಿಫ್ಲೊಜಿನ್ ಗುಂಪಿನ ಮಾತ್ರೆಯವರಲ್ಲಿ ರಕ್ತದ ಸಕ್ಕರೆ ಅಷ್ಟೇನೂ ಏರದಿದ್ದರೂ ಕೀಟೋನ್ ವಿಷಮಿಸಿ ಜೀವಕ್ಕೆ ಎರವಾಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕಳಸದ ಒಳಗಿನ ತೋಟಗಳಿಂದ ದೊಡ್ಡ ಆಸ್ಪತ್ರೆಗೆ ಘಾಟಿಯ ದಾರಿ ಸಣ್ಣದಲ್ಲ ಎಂಬುದೂ ನೆನಪಿರಲಿ. ಬಸುರಿಯರು, ಮೂತ್ರಪಿಂಡದ ತೊಂದರೆ ಇರುವವರು ಇದರ ತಂಟೆಗೆ ಹೋಗಬಾರದು. ಬೆಣ್ಣೆ, ಹಂದಿ ಕೊಬ್ಬು ನೆಚ್ಚಿದವರಲ್ಲಿ ಕೆಲವರಿಗೆ ಎಲ್‌ಡಿಎಲ್ ಕೊಲೆಸ್ಟರಾಲ್ ವಿಪರೀತ ಏರುತ್ತದೆ, ರಕ್ತಪರೀಕ್ಷೆ ಮಾಡಿಸದೆ ಅದು ಗೊತ್ತಾಗುವುದಿಲ್ಲ.

ಈ ಚರ್ಚೆಯಿಂದ ಹೊರಗುಳಿಯುವವರು ಕಾಫಿ ತೋಟದ ಕಾರ್ಮಿಕರು, ಲೈನ್ ಮನೆಗಳ ಜನ. ಕುಯ್ಲಿನ ಕಾಲದಲ್ಲಿ ಬೆಳಗಿಂದ ಸಂಜೆಯವರೆಗೆ ಇಳಿಜಾರಿನಲ್ಲಿ ನಿಂತು ಹಣ್ಣು ಕಿತ್ತು, ಮೂಟೆ ಹೊರುವ ಹೆಂಗಸಿಗೆ ಅನ್ನ ಬಿಡು ಎನ್ನುವುದು ತಪ್ಪು. ಆ ದುಡಿಮೆಗೆ ಅನ್ನ ಬೇಕು. ಆಕೆಯ ತಟ್ಟೆಯಲ್ಲಿ ಕೊರತೆ ಇರುವುದು ಬೇಳೆ, ಮೊಟ್ಟೆ, ಹಾಲಿನದು. 2013ರಲ್ಲಿ ಶುರುವಾದ ಅನ್ನಭಾಗ್ಯ ಹಸಿವನ್ನು ನೀಗಿಸಿದ ದೊಡ್ಡ ಕೆಲಸ, ಆದರೆ ಚೀಲದಲ್ಲಿ ಬಂದದ್ದು ಮುಖ್ಯವಾಗಿ ಅಕ್ಕಿಯೇ. ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ ಸೇರಿದ ಕಿಟ್ ಕೊಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿದ್ದು ಸರಿಯಾದ ಹೆಜ್ಜೆ ಎಂದೇ ನನ್ನ ಎಣಿಕೆ. ಶಕ್ತಿಯ ಶೇ 5ರಷ್ಟನ್ನು ಕಾರ್ಬೋಹೈಡ್ರೇಟಿನ ಬದಲು ಬೇಳೆಕಾಳು ಅಥವಾ ಹಾಲಿನ ಪ್ರೋಟೀನಿನಿಂದ ಪಡೆದರೆ ಮಧುಮೇಹದ ಸಂಭವ ಕಡಿಮೆ ಎಂದು ಇಂಡಿಯಾಬ್ ಅಂದಾಜಿಸಿದೆ. ಅದು ಪ್ರಯೋಗವಲ್ಲ, ಸಮೀಕ್ಷೆಯಿಂದ ಮಾಡಿದ ಲೆಕ್ಕ. ಆದರೂ ಎರಡು ಸಾವಿರ ಕ್ಯಾಲೊರಿಯ ಊಟದಲ್ಲಿ ಶೇ 5 ಎಂದರೆ ನೂರು ಕ್ಯಾಲೊರಿ, ಸುಮಾರು 28 ಗ್ರಾಂ ಅಕ್ಕಿ. ಸಾರಿನ ಪಾತ್ರೆಗೆ ದಿನವೂ ತಲೆಗೊಂದು ಹಿಡಿ ತೊಗರಿಬೇಳೆ ಹೆಚ್ಚು ಬಿದ್ದರೆ ಆ ದಿಕ್ಕಿಗೆ ಹೊರಟಂತೆ.