ವಿಮಾನ ಇಳಿದ ತಾಲೂಕು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಗೃಹಸ್ಥರು ನಾಲ್ವರು ಒಂದೆಡೆ ಕೂಡಿದರೆ ಮಳೆ-ಬೆಳೆ, ಕಾಲುವೆಯ ನೀರು, ಮಕ್ಕಳ ಓದು ಇವುಗಳ ಮಾತು ಮುಗಿದ ಮೇಲೆ ಈಚೆಗೆ ಇನ್ನೊಂದು ಮಾತು ಹೊರಡುವುದುಂಟು. ನಮ್ಮ ಜಿಲ್ಲೆಗೂ ಒಂದು ವಿಮಾನ ನಿಲ್ದಾಣವಾಗಬೇಕು ಎಂಬುದೇ ಆ ಮಾತು. ಗಿಣಿಗೇರಿಯ ಬಳಿ ಖಾಸಗಿ ಕಂಪನಿಯೊಂದರ ವಿಮಾನಪಟ್ಟಿ ಇರುವುದೇನೋ ನಿಜ. ಆದರೆ ಅದು ಸಾರ್ವಜನಿಕರ ನಿತ್ಯದ ಪ್ರಯಾಣಕ್ಕೆ ಒದಗಿದುದಲ್ಲ. ಮೂಡಲಿಗೆ ಹೋದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ನೆರೆಯಲ್ಲಿರುವ ವಿದ್ಯಾನಗರದ ನಿಲ್ದಾಣ, ಪಡುವಲಿಗೆ ಹೋದರೆ ಹುಬ್ಬಳ್ಳಿ. ಹಂಪಿ, ಆನೆಗೊಂದಿ, ಅಂಜನಾದ್ರಿಗಳನ್ನು ನೋಡಲು ದೇಶ ವಿದೇಶಗಳಿಂದ ಜನರು ಬರುತ್ತಿರುವಾಗ, ನಮ್ಮ ಮನೆಗಳ ಮಕ್ಕಳೂ ಉದ್ಯೋಗದ ನಿಮಿತ್ತ ದೂರ ದೂರಕ್ಕೆ ಹೋಗುತ್ತಿರುವಾಗ, ಇಂಥ ಆಸೆ ಹುಟ್ಟುವುದು ಸಹಜವೇ ಸರಿ. ಆದರೆ ವಿಮಾನ ಹತ್ತುವವನಿಗೆ ಆಗುವ ಅನುಕೂಲವನ್ನು ಎಲ್ಲರೂ ಬಲ್ಲರು. ವಿಮಾನ ಇಳಿಯುವ ಊರಿನವನಿಗೆ ಏನಾಗುವುದೆಂಬುದನ್ನು ಬಲ್ಲವರು ಕಡಿಮೆ. ಅದನ್ನು ತಿಳಿಯಬೇಕಾದರೆ ನಮ್ಮ ನಾಡಿನಲ್ಲಿಯೇ ಇರುವ ದೇವನಹಳ್ಳಿ ತಾಲೂಕಿನ ಕಡೆಗೆ ಒಮ್ಮೆ ದೃಷ್ಟಿ ಹಾಯಿಸತಕ್ಕದ್ದು.

ದೇವನಹಳ್ಳಿಗೂ ನಮ್ಮ ಕೊಪ್ಪಳಕ್ಕೂ ಹಳೆಯದೊಂದು ನಂಟುಂಟು. ಟಿಪ್ಪು ಸುಲ್ತಾನನು ೧೭೫೦ರಲ್ಲಿ ಹುಟ್ಟಿದುದು ದೇವನಹಳ್ಳಿಯಲ್ಲಿ. ಮುಂದೆ ಅವನು ಫ್ರೆಂಚ್ ಇಂಜಿನಿಯರುಗಳ ನೆರವಿನಿಂದ ಬಲಪಡಿಸಿದನೆಂದು ಹೇಳಲಾಗುವ ಕೋಟೆ ನಮ್ಮ ಕೊಪ್ಪಳದ್ದು. ಎರಡೂ ಕೋಟೆಗಳು ೧೭೯೦-೯೧ರ ಯುದ್ಧದಲ್ಲಿ ಅವನ ಕೈತಪ್ಪಿ ಹೋದವು. ಆ ಬಳಿಕ ದೇವನಹಳ್ಳಿಯು ಇನ್ನೂರಕ್ಕೂ ಮಿಕ್ಕಿದ ವರ್ಷಗಳ ಕಾಲ ರಾಗಿ, ಹುರುಳಿ, ರೇಷ್ಮೆ, ನೀಲಿ ದ್ರಾಕ್ಷಿಗಳನ್ನು ಬೆಳೆದುಕೊಂಡು ತನ್ನಷ್ಟಕ್ಕೆ ತಾನಿದ್ದ ಊರು. ಅಲ್ಲಿಯ ಚಕ್ಕೋತಹಣ್ಣಿನ ಸವಿ ಬೇರೆ ಮಣ್ಣಿನಲ್ಲಿ ಬರುವುದಿಲ್ಲವೆಂದು ಅದಕ್ಕೆ ಆ ಊರಿನ ಹೆಸರಿನಲ್ಲಿಯೇ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿರುವುದು. ಅದೇ ತಾಲೂಕಿನ ನಲ್ಲೂರಿನ ಪುರಾತನವಾದ ಹುಣಸೆಯ ತೋಪನ್ನು ೨೦೦೭ರಲ್ಲಿ ಜೀವವೈವಿಧ್ಯದ ಪರಂಪರೆಯ ತಾಣವೆಂದು ಘೋಷಿಸಿದರು. ಭಾರತದಲ್ಲಿ ಅಂಥ ಘೋಷಣೆ ಪಡೆದ ತಾಣಗಳಲ್ಲಿ ಅದೇ ಮೊದಲನೆಯದು.

ಅದರ ಮರುವರ್ಷ, ಅಂದರೆ ೨೦೦೮ರ ಮೇ ೨೪ರಂದು, ಬೆಂಗಳೂರಿನ ಒಳಗಿದ್ದ ಎಚ್.ಎ.ಎಲ್. ನಿಲ್ದಾಣದಿಂದ ಸಾರ್ವಜನಿಕ ವಿಮಾನಗಳ ಓಡಾಟ ನಿಂತು, ದೇವನಹಳ್ಳಿಯ ಹೊಸ ನಿಲ್ದಾಣದಲ್ಲಿ ಪ್ರಾರಂಭವಾಯಿತು. ಸುಮಾರು ೪,೦೦೦ ಎಕರೆ ನೆಲದಲ್ಲಿ, ಸರ್ಕಾರದ ಮತ್ತು ಖಾಸಗಿಯವರ ಪಾಲುಗಾರಿಕೆಯಲ್ಲಿ ಕಟ್ಟಿದ ನಿಲ್ದಾಣವದು. ೨೦೧೩ರಲ್ಲಿ ಅದಕ್ಕೆ ಕೆಂಪೇಗೌಡರ ಹೆಸರನ್ನು ಇಟ್ಟರು. ೨೦೧೯ರ ಡಿಸೆಂಬರಿನಲ್ಲಿ ಎರಡನೆಯ ರನ್‌ವೇ, ೨೦೨೨ರ ನವೆಂಬರಿನಲ್ಲಿ ಎರಡನೆಯ ಟರ್ಮಿನಲ್ಲು ಮತ್ತು ೧೦೮ ಅಡಿ ಎತ್ತರದ ಕೆಂಪೇಗೌಡರ ಪ್ರತಿಮೆ ಸಿದ್ಧವಾದವು. ೨೦೨೪-೨೫ನೆಯ ಸಾಲಿನಲ್ಲಿ ಅಲ್ಲಿ ಹಾಯ್ದು ಹೋದ ಪ್ರಯಾಣಿಕರು ೪ ಕೋಟಿ ೧೮ ಲಕ್ಷಕ್ಕೂ ಮಿಕ್ಕಿದವರು. ರಾಗಿಯ ಹೊಲವಾಗಿದ್ದ ಜಾಗದಲ್ಲಿ ಇಷ್ಟು ಜನರೆಂದರೆ ನಂಬುವುದೇ ಕಷ್ಟ.

ನಿಲ್ದಾಣವೆಂಬುದು ಬೇಲಿಯೊಳಗೆ ಕುಳಿತಿರತಕ್ಕ ವಸ್ತುವಲ್ಲ. ಮೊದಲು ರಸ್ತೆ ಅಗಲವಾಗುವುದು. ರಸ್ತೆಯ ಬದಿಗೆ ಹೋಟೆಲುಗಳು, ಸರಕಿನ ಗೋದಾಮುಗಳು ಬರುವವು. ಅವುಗಳ ಬೆನ್ನಿಗೆ ನಿವೇಶನಗಳ ಫಲಕಗಳು, ಫಲಕಗಳ ಬೆನ್ನಿಗೆ ದಲ್ಲಾಳಿಗಳು. ಆಮೇಲೆ ಸರ್ಕಾರವು ವಿಮಾನದ ಭಾಗಗಳನ್ನು ಮಾಡುವ ಕಾರ್ಖಾನೆಗಳಿಗಾಗಿ ಪ್ರತ್ಯೇಕ ಕೈಗಾರಿಕಾ ಪ್ರದೇಶವನ್ನೇ ಗೊತ್ತುಮಾಡಿತು. ದೊಡ್ಡಬಳ್ಳಾಪುರದ ಕಡೆಗೆ ಸುಮಾರು ೩೦೦ ಎಕರೆಯಲ್ಲಿ ಫಾಕ್ಸ್‌ಕಾನ್ ಕಂಪನಿಯು ಮೊಬೈಲ್ ಫೋನುಗಳ ಕಾರ್ಖಾನೆಯನ್ನು ಹೂಡಿತು. ಜಿಲ್ಲೆಯ ಕಚೇರಿಗಳು ಬೆಂಗಳೂರು ನಗರವನ್ನು ಬಿಟ್ಟು ದೇವನಹಳ್ಳಿ ತಾಲೂಕಿಗೇ ಬಂದವು. ೨೦೨೧ರಲ್ಲಿ ನಿಲ್ದಾಣದ ಬಳಿ ರೈಲಿನ ನಿಲುಗಡೆಯಾಯಿತು. ೨೦೨೫ರ ಜುಲೈಯಲ್ಲಿ ಮಂತ್ರಿಮಂಡಲವು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರವೆಂದು ಹೆಸರಿಡಲು ನಿಶ್ಚಯಿಸಿತು. ‘ಗ್ರಾಮ’ವೆಂಬ ಶಬ್ದವು ಹೆಸರಿಗೂ ಉಳಿಯಬೇಕಾದ ಅಗತ್ಯ ಕಾಣಲಿಲ್ಲವೆಂದು ತೋರುತ್ತದೆ!

ಇದರಿಂದ ಕೇಡೇ ಆಯಿತೆಂದು ನಮ್ಮ ಅಭಿಪ್ರಾಯವಲ್ಲ. ಹೂವು, ಹಣ್ಣು, ಕಾಯಿಪಲ್ಲೆಗಳನ್ನು ಕೆಡದಂತೆ ಪರದೇಶಗಳಿಗೆ ಕಳಿಸುವುದರಲ್ಲಿ ಆ ನಿಲ್ದಾಣವು ದೇಶದಲ್ಲಿಯೇ ಮುಂಚೂಣಿಯಲ್ಲಿರುವುದು. ಸುತ್ತಲಿನ ಗುಲಾಬಿ, ದ್ರಾಕ್ಷಿಯ ಬೆಳೆಗಾರರಿಗೆ ಇದು ಸಣ್ಣ ಲಾಭವಲ್ಲ. ಹತ್ತಾರು ಬಗೆಯ ಉದ್ಯೋಗಗಳು ಹುಟ್ಟಿವೆ. ಬೆಂಗಳೂರಿನ ಸುತ್ತ ಕಟ್ಟಡದ ಕೆಲಸಕ್ಕೆಂದು ನಮ್ಮ ಕಡೆಯಿಂದ ಗುಳೆ ಹೋದ ಕುಟುಂಬಗಳೂ ಆ ಉದ್ಯೋಗಗಳಿಂದಲೇ ಹೊಟ್ಟೆ ಹೊರೆದಿವೆ. ಆದರೆ ಆ ಸೀಮೆಗೆ ನಮ್ಮ ತುಂಗಭದ್ರೆಯಂಥ ತುಂಬಿ ಹರಿಯುವ ಹೊಳೆಯಿಲ್ಲ. ಕೆರೆಯೇ ಆಧಾರ. ಕೊಳವೆಬಾವಿಗಳು ಸಾವಿರ ಅಡಿಯನ್ನೂ ದಾಟಿ ಇಳಿದ ಮೇಲೆ, ಬೆಂಗಳೂರಿನ ಬಚ್ಚಲ ನೀರನ್ನು ಶುದ್ಧಿಮಾಡಿ ಹೆಬ್ಬಾಳ-ನಾಗವಾರ ಕಣಿವೆಯ ಯೋಜನೆಯ ಮೂಲಕ ಅಲ್ಲಿಯ ಕೆರೆಗಳಿಗೆ ತುಂಬಿಸುವ ಕಾಲ ಬಂದಿತು.

ಪರದೇಶದ ಒಂದು ನಿದರ್ಶನವನ್ನು ಇಲ್ಲಿ ಹೇಳುವುದು ಉಚಿತ. ಮಲೇಶಿಯದ ಸೆಲಂಗೋರ್ ರಾಜ್ಯದಲ್ಲಿ ಸೇಪಾಂಗ್ ಎಂಬ ಜಿಲ್ಲೆಯುಂಟು. ರಾಜಧಾನಿಯಾದ ಕ್ವಾಲಾಲಂಪುರದ ದೊಡ್ಡ ವಿಮಾನ ನಿಲ್ದಾಣವನ್ನು ಅಲ್ಲಿ ೧೯೯೮ರಲ್ಲಿ, ಅಂದರೆ ದೇವನಹಳ್ಳಿಗಿಂತ ಹತ್ತು ವರ್ಷ ಮೊದಲು, ತೆರೆದರು. ಅದಕ್ಕೂ ಮುನ್ನ ಅದು ತಾಳೆ ಎಣ್ಣೆಯ ಮತ್ತು ರಬ್ಬರಿನ ತೋಟಗಳ ಸೀಮೆ. ಈಗ ಮೋಟಾರು ಪಂದ್ಯಗಳ ಮೈದಾನವೂ ಸೈಬರ್‌ಜಾಯ ಎಂಬ ಹೊಸ ಪಟ್ಟಣವೂ ಅದೇ ಜಿಲ್ಲೆಯಲ್ಲಿವೆ. ಅಲ್ಲಿಯ ಸರ್ಕಾರವು ಮೊದಲ ದಿನವೇ ಸುಮಾರು ೨೫,೦೦೦ ಎಕರೆ ನೆಲವನ್ನು ನಿಲ್ದಾಣಕ್ಕೆಂದು ತೆಗೆದಿರಿಸಿತು. ತೆಮುವಾನ್ ಎಂಬ ಮೂಲನಿವಾಸಿಗಳ ಕುಟುಂಬಗಳನ್ನು ಎಬ್ಬಿಸಿ ಬೇರೆಡೆಗೆ ಸಾಗಿಸಿದ ದುಃಖದ ಸಂಗತಿ ಅಲ್ಲಿಯೂ ನಡೆಯಿತು. ಆದರೂ ನೆಲದ ಬಹುಭಾಗ ದೊಡ್ಡ ತೋಟಗಳದ್ದು. ದೇವನಹಳ್ಳಿಯಲ್ಲಿ ಹಾಗಲ್ಲ. ಒಂದೆಕರೆ, ಎರಡೆಕರೆಯ ಒಕ್ಕಲುಗಳು. ಸರ್ಕಾರದಿಂದ ಮಂಜೂರಾದ ತುಂಡುಭೂಮಿಯಲ್ಲಿ ಬದುಕುವ ದಲಿತ ಕುಟುಂಬಗಳು. ನಿಲ್ದಾಣಕ್ಕೆ ಒಮ್ಮೆ, ಕೈಗಾರಿಕೆಗೆ ಮತ್ತೊಮ್ಮೆ, ಅದರ ಎರಡನೆಯ ಹಂತಕ್ಕೆ ಇನ್ನೊಮ್ಮೆ ಎಂದು ಕಂತು ಕಂತಾಗಿ ನೆಲ ಕೇಳಿದರೆ, ಯಾವ ವರ್ಷದ ನಕ್ಷೆಯಲ್ಲಿ ತನ್ನ ಹೊಲದ ಸರ್ವೆ ನಂಬರು ಬರುವುದೋ ಎಂಬ ಚಿಂತೆಯಲ್ಲಿಯೇ ಒಕ್ಕಲಿಗನು ಬಾಳಬೇಕಾಗುವುದು. ಹೀಗಿದ್ದರೆ ಅವನು ಬಾವಿ ತೋಡುವನೆ? ಗಿಡ ನೆಡುವನೆ? ಅವನ ಮಗಳಿಗೆ ವರನನ್ನು ನೋಡುವವರಾದರೂ ಏನೆಂದು ನೋಡಬೇಕು?

ಈ ಚಿಂತೆ ಚನ್ನರಾಯಪಟ್ಟಣ ಹೋಬಳಿಯಲ್ಲಿ ಬಯಲಿಗೆ ಬಂದಿತು. (ಹಾಸನ ಜಿಲ್ಲೆಯ ಚನ್ನರಾಯಪಟ್ಟಣವಲ್ಲ, ಇದು ದೇವನಹಳ್ಳಿ ತಾಲೂಕಿನದು.) ೨೦೨೧ರಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಆ ಹೋಬಳಿಯ ೧೩ ಹಳ್ಳಿಗಳಲ್ಲಿ ೧,೭೭೭ ಎಕರೆಯನ್ನು ವಿಮಾನೋದ್ಯಮದ ಸಲುವಾಗಿ ಸ್ವಾಧೀನಪಡಿಸಿಕೊಳ್ಳುವುದಾಗಿ ಪ್ರಕಟಿಸಿತು. ರಾಗಿಯೊಡನೆ ದ್ರಾಕ್ಷಿ, ಮಾವು, ತರಕಾರಿ, ಹೈನುಗಾರಿಕೆ ನಡೆಯುತ್ತಿದ್ದ ನೆಲವದು. ೨೦೨೨ರ ಏಪ್ರಿಲ್ ೪ರಂದು ರೈತರು ಧರಣಿ ಕುಳಿತರು. ಬಿಸಿಲು, ಮಳೆ, ಸುಗ್ಗಿ, ಹಬ್ಬ, ಚುನಾವಣೆ ಎಲ್ಲವೂ ಬಂದು ಹೋದವು; ಸರ್ಕಾರವೂ ಬದಲಾಯಿತು. ಅವರು ಏಳಲಿಲ್ಲ. ಹೆಂಗಸರು ಮನೆಗೆಲಸ ತೀರಿಸಿಕೊಂಡು ಬಂದು ಕುಳಿತರು. ೨೦೨೫ರ ಜೂನಿನಲ್ಲಿ ಪೋಲೀಸರು ಧರಣಿನಿರತರನ್ನು ಎಬ್ಬಿಸಿ ಒಯ್ದ ಮೇಲೆ ನಾಡಿನ ಬೇರೆ ಬೇರೆ ಕಡೆಯವರು ಅವರ ಬೆಂಬಲಕ್ಕೆ ನಿಂತರು. ಕೊನೆಗೆ ೨೦೨೫ರ ಜುಲೈ ೧೫ರಂದು, ಧರಣಿಯ ೧,೧೯೮ ದಿನಗಳಾದ ಮೇಲೆ, ಮುಖ್ಯಮಂತ್ರಿ ಸಿದ್ಧರಾಮಯ್ಯನವರು ಆ ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಸಾರಿದರು. ತಾವಾಗಿಯೇ ಕೊಡಲು ಇಚ್ಛಿಸುವವರಿಂದ ಮಾತ್ರ ನೆಲವನ್ನು ಕೊಳ್ಳಲಾಗುವುದೆಂದೂ ತಿಳಿಸಿದರು. ಆ ಸೀಮೆಯಲ್ಲಿ ಅದು ರಾಗಿಯ ಬಿತ್ತನೆಯ ಕಾಲ.

ಇದರಲ್ಲಿ ಕಾನೂನಿನ ಒಂದು ಸೂಕ್ಷ್ಮವಿದೆ. ಗೃಹಸ್ಥರು ಇದನ್ನು ತಿಳಿದಿರುವುದು ಒಳ್ಳೆಯದು. ೨೦೧೩ರ ಕೇಂದ್ರದ ಭೂಸ್ವಾಧೀನ ಕಾನೂನಿನಲ್ಲಿ ಸರ್ಕಾರ ಮತ್ತು ಖಾಸಗಿಯವರ ಪಾಲುಗಾರಿಕೆಯ ಯೋಜನೆಗೆ ಬಾಧಿತ ಕುಟುಂಬಗಳಲ್ಲಿ ನೂರಕ್ಕೆ ೭೦ರ, ಖಾಸಗಿ ಕಂಪನಿಗಾದರೆ ನೂರಕ್ಕೆ ೮೦ರ ಒಪ್ಪಿಗೆ ಬೇಕೆಂಬ ನಿಯಮವಿರುವುದು. ಆದರೆ ಮೇಲೆ ಹೇಳಿದ ಮಂಡಳಿಯು ನೆಲ ತೆಗೆದುಕೊಳ್ಳುವುದು ೧೯೬೬ರ ತನ್ನದೇ ರಾಜ್ಯ ಕಾನೂನಿನ ಪ್ರಕಾರ. ಅದರ ೨೮ನೆಯ ಕಲಮಿನಲ್ಲಿ ಮೊದಲು ಪ್ರಾಥಮಿಕ ಪ್ರಕಟಣೆ, ಆಕ್ಷೇಪಣೆಗಳನ್ನು ಕೇಳಿದ ಬಳಿಕ ಅಂತಿಮ ಪ್ರಕಟಣೆ. ಆದುದರಿಂದ ಮೊದಲನೆಯ ನೋಟೀಸು ಬಂದ ಕೂಡಲೆ ಓದಿಸಿ ಕೇಳಿ, ಅವಧಿಯೊಳಗೆ ಉತ್ತರ ಕೊಡಬೇಕು. ದೇವರ ಗೂಡಿನ ಹಿಂದೆ ಸಿಕ್ಕಿಸಿಟ್ಟು ಮರೆತರೆ ಆಕ್ಷೇಪಣೆಯ ಅವಕಾಶವೇ ಕಳೆದುಹೋಗುವುದು.

ನೆಲ ಹೋದರೆ ಬರುವ ಪರಿಹಾರದ ಹಣ ಮನೆಯಲ್ಲಿ ತರತಕ್ಕ ಕಲಹ ಇನ್ನೊಂದು ಸಂಗತಿ. ಹೊಲವಿದ್ದಾಗ ಒಂದೇ ಒಲೆಯಲ್ಲಿ ಉಂಡವರು ಹಣ ಬಂದಾಗ ಕೋರ್ಟಿನ ಮೆಟ್ಟಲು ಹತ್ತುವುದುಂಟು. ಹೆಣ್ಣುಮಕ್ಕಳ ಹಕ್ಕನ್ನು ಮರೆತು ಹಂಚಿಕೊಂಡರೆ ವ್ಯಾಜ್ಯ ತಪ್ಪಿದ್ದಲ್ಲ. ಕರ್ನಾಟಕದಲ್ಲಿ ೧೯೯೪ರಲ್ಲಿ, ಇಡೀ ದೇಶದಲ್ಲಿ ೨೦೦೫ರಲ್ಲಿ, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲೆಂಬ ತಿದ್ದುಪಡಿ ಬಂದಿತು. ಆ ಹಕ್ಕು ಹುಟ್ಟಿನಿಂದಲೇ ಬಂದುದು, ೨೦೦೫ರಲ್ಲಿ ತಂದೆ ಬದುಕಿದ್ದಿರಬೇಕೆಂಬ ನಿರ್ಬಂಧವಿಲ್ಲವೆಂದು ೨೦೨೦ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮಂಜೂರಾದ ಜಮೀನುಳ್ಳ ಪರಿಶಿಷ್ಟ ಜಾತಿ, ಪಂಗಡದವರ ವಿಷಯದಲ್ಲಿ ೧೯೭೮ರ ಕಾನೂನು ಬೇರೆಯೇ ಇದೆ. ಸರ್ಕಾರದ ಪೂರ್ವಾನುಮತಿಯಿಲ್ಲದೆ ಅಂಥ ಭೂಮಿಯನ್ನು ದಲ್ಲಾಳಿಯ ಮಾತು ನಂಬಿ ಬರೆದುಕೊಟ್ಟರೆ ಆ ಕ್ರಯ ನಿಲ್ಲುವುದಿಲ್ಲ.

ಇಷ್ಟನ್ನು ನೋಡಿದ ಮೇಲೆ ನಮ್ಮ ಜಿಲ್ಲೆಗೆ ಬರೋಣ. ಗಂಗಾವತಿ, ಕಾರಟಗಿಗಳ ಬಯಲು ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ಭತ್ತದ ಕಣಜವಾಗಿರುವುದು. ಯಲಬುರ್ಗಾದ ಎರೆಹೊಲ, ಕುಷ್ಟಗಿಯ ಮಸಾರಿ ಮಳೆಯನ್ನೇ ನಂಬಿದವು. ಹಾಗೆಂದ ಮಾತ್ರಕ್ಕೆ ಅವು ಬೀಳುಭೂಮಿಯಲ್ಲ. ಜೋಳ, ಕಡಲೆಗಳನ್ನೂ ಹೊರನಾಡಿಗೆ ಹೋಗುವ ದಾಳಿಂಬೆಯನ್ನೂ ಕೊಟ್ಟ ನೆಲವದು. ಕೊಪ್ಪಳ ಪಟ್ಟಣದ ನೆರೆಯಲ್ಲಿ ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ ೨೦೨೫ರ ಫೆಬ್ರವರಿಯಲ್ಲಿ ಊರಿಗೆ ಊರೇ ಅಂಗಡಿ ಮುಚ್ಚಿ ಬೀದಿಗಿಳಿದುದನ್ನು ವಾಚಕರು ಮರೆತಿರಲಾರರು. ವಿಮಾನ ನಿಲ್ದಾಣಕ್ಕೆ ಹೊಗೆಯ ಕೊಳವೆ ಇಲ್ಲದಿರುವುದರಿಂದ ಅದರ ಬಗ್ಗೆ ಅಷ್ಟು ಭಯ ಹುಟ್ಟುವುದಿಲ್ಲ. ಆದರೆ ನಿಲ್ದಾಣದ ಮಾತು ಸರ್ಕಾರದ ಮುಂದೆ ಬಂದಾಗ, ಪಟ್ಟಿಯ ಉದ್ದವೆಷ್ಟು ಎಂಬುದರ ಜೊತೆಗೆ, ಸುತ್ತಲಿನ ಎಷ್ಟು ಹಳ್ಳಿಗಳ ನೆಲವನ್ನು ಮುಂದಿನ ಮೂವತ್ತು ವರ್ಷಗಳಲ್ಲಿ ಕೇಳುವಿರಿ, ಯಾವುದನ್ನು ಎಂದೆಂದಿಗೂ ಮುಟ್ಟುವುದಿಲ್ಲವೆಂದು ಬರೆದುಕೊಡುವಿರಿ ಎಂಬ ಪ್ರಶ್ನೆಯನ್ನೂ ನಮ್ಮ ಪ್ರತಿನಿಧಿಗಳು ಕೇಳಬೇಕು.

ಅದಕ್ಕೆ ಮುಂಚಿತವಾಗಿ ಪ್ರತಿಯೊಂದು ಮನೆಯವರೂ ಮಾಡಬಹುದಾದ ಕೆಲಸವೊಂದಿದೆ. ನಮ್ಮ ಎಷ್ಟೋ ಹೊಲಗಳ ಪಹಣಿ ಈಗಲೂ ತೀರಿಹೋದ ಅಜ್ಜ, ಮುತ್ತಜ್ಜಂದಿರ ಹೆಸರಿನಲ್ಲಿದೆ. ನೋಟೀಸು ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಸತ್ತವರಿಗೆ ಬಂದ ನೋಟೀಸಿಗೆ ಉತ್ತರ ಕೊಡುವವರಾರು? ಮರಣದ ದಾಖಲೆಯನ್ನೂ ವಂಶವೃಕ್ಷವನ್ನೂ ಒಯ್ದು, ಹೆಣ್ಣುಮಕ್ಕಳ ಹೆಸರು ಬಿಡದೆ ಸೇರಿಸಿ, ಪೌತಿ ಖಾತೆಗೆ ಅರ್ಜಿ ಕೊಡಬೇಕು. ಅದನ್ನು ಹೋಬಳಿಯ ನಾಡಕಚೇರಿಯಲ್ಲಿಯೇ ತೆಗೆದುಕೊಳ್ಳುತ್ತಾರೆ.