ಬಿಲಾಲರ ಕಥೆ ಹೇಳುವ ನಾವು ಹಳಿಯಾಳದ ಸಿದ್ದಿಗಳನ್ನು ಬಲ್ಲೆವೇ?

ದಾಂಡೇಲಿಗೆ ಹೋದವರೆಲ್ಲ ನೋಡಿ ಬರುವ ದೃಶ್ಯವದು. ಹಗಲು ಕಾಳಿ ನದಿಯಲ್ಲಿ ರಾಫ್ಟಿಂಗ್. ಸಂಜೆ ರೆಸಾರ್ಟಿನ ಅಂಗಳದಲ್ಲಿ ಬೆಂಕಿ ಹಾಕಿ, ಅದರ ಸುತ್ತ ಸಿದ್ದಿಗಳ ಡಮಾಮಿ ಕುಣಿತ. ಕಳೆದ ರಜೆಯಲ್ಲಿ ನಾವು ಎರಡು ಕುಟುಂಬದವರು, ಮಕ್ಕಳು ಮರಿ ಸೇರಿ ಹನ್ನೊಂದು ಮಂದಿ ಅಲ್ಲಿಗೆ ಹೋಗಿದ್ದಾಗಲೂ ಹಾಗೆಯೇ ಆಯಿತು. ಡಮಾಮಿನ ಸದ್ದಿಗೆ ಮಕ್ಕಳು ಕುಣಿದರು, ನಾವು ದೊಡ್ಡವರು ಮೊಬೈಲ್ ಹಿಡಿದು ವೀಡಿಯೊ ಮಾಡಿದೆವು.

ಕುಣಿತ ಮುಗಿದ ಮೇಲೆ ನಾವು ಇಶಾ ನಮಾಝಿಗೆ ಜಾಗ ನೋಡುತ್ತಿದ್ದೆವು. ಆಗ ಕುಣಿದವರಲ್ಲೊಬ್ಬ ಯುವಕ ನಳ್ಳಿಯ ಬಳಿ ವುಝೂ ಮಾಡಿಕೊಂಡು ಬಂದು, ಸಲಾಂ ಹೇಳಿ ನಮ್ಮ ಸಫ್‌ನಲ್ಲಿ ನಿಂತ. ನಮಾಝ್ ಮುಗಿದದ್ದೇ ತಡ, ನಮ್ಮ ಎಂಟು ವರ್ಷದ ಹುಡುಗ ಮೆಲ್ಲಗೆ ಕೇಳಿದ: "ಉಪ್ಪಾ, ಇವರೂ ನಮ್ಮವರಾ?"

ಆ ಪ್ರಶ್ನೆ ಯುವಕನ ಕಿವಿಗೂ ಬಿತ್ತು. ಆತ ನಕ್ಕು, "ನಾವೂ ಇಲ್ಲಿಯವ್ರೇ ರೀ, ಹಳಿಯಾಳದವ್ರು" ಎಂದ. ಪೇಟೆಗೆ ಹೋದರೆ ಯಾವ ದೇಶ, ಪಾಸ್‌ಪೋರ್ಟ್ ಉಂಟಾ ಎಂದು ಕೇಳುವವರೂ ಇದ್ದಾರಂತೆ. ಕೇಳದೆ ತಲೆಗೂದಲು ಮುಟ್ಟಿ ನೋಡುವವರೂ ಇದ್ದಾರಂತೆ. ಸ್ವಲ್ಪ ಹೊತ್ತಿನ ಮೊದಲು ನಾವೂ ಅವನನ್ನು ವೀಡಿಯೊದಲ್ಲಿ ಮಾತ್ರ ನೋಡಿದ್ದೆವಲ್ಲ, ಹಾಗಾಗಿ ನಮಗೆ ಉತ್ತರ ಹೊಳೆಯಲಿಲ್ಲ.

ಮದ್ರಸದಲ್ಲಿ ಉಸ್ತಾದರು ಹೇಳಿಕೊಟ್ಟ ಬಿಲಾಲ್ (ರ) ಅವರ ಕಥೆ ನಮ್ಮ ಮಕ್ಕಳಿಗೆ ಬಾಯಿಪಾಠ. ಕಾದ ಮರಳಿನ ಮೇಲೆ ಎದೆಗೆ ಬಂಡೆ ಹೇರಿದರೂ ಈಮಾನ್ ಬಿಡದವರು. ಇಸ್ಲಾಮಿನ ಮೊದಲ ಮುಅಝ್ಝಿನ್. ಮಕ್ಕಾ ವಿಜಯದ ದಿನ ಕಅಬಾದ ಮೇಲೇರಿ ಅಝಾನ್ ಕೊಟ್ಟವರು. ಆ ಬಿಲಾಲ್ ಹಬ್ಶಿ. ಮಕ್ಕಾದ ಹಿಂಸೆ ತಾಳಲಾಗದೆ ಕ್ರಿ.ಶ. 615ರ ಸುಮಾರಿಗೆ ಮುಸ್ಲಿಮರ ಮೊದಲ ಹಿಜ್ರಾ ನಡೆದದ್ದೂ ಹಬ್ಶಾಕ್ಕೆ, ಅಂದರೆ ಅಬಿಸೀನಿಯಾಕ್ಕೆ. ಆಶ್ರಯ ಕೊಟ್ಟದ್ದು ಅಲ್ಲಿಯ ಕ್ರೈಸ್ತ ದೊರೆ ನಜ್ಜಾಶಿ. ಇಷ್ಟೆಲ್ಲ ಗೊತ್ತಿರುವ ನಮಗೆ, ನಮ್ಮದೇ ರಾಜ್ಯದಲ್ಲಿ, ಮಂಗಳೂರಿನಿಂದ ಒಂದು ಹಗಲಿನ ದಾರಿಯಲ್ಲಿ ಇರುವ ಹಬ್ಶಿ ಮೂಲದ ಮುಸ್ಲಿಮರ ಬಗ್ಗೆ ಏನು ಗೊತ್ತು? ಬಾಕಿ ಪ್ರವಾಸವನ್ನು ಈ ಪ್ರಶ್ನೆಯ ಹಿಂದೆ ಹೋಗುವುದಕ್ಕೇ ಇಡೋಣ ಎಂದು ಅಂದು ರಾತ್ರಿಯೇ ಮಾತಾಯಿತು.

ಮೂಲೆಗೊಂದು ಹೂವಿನ ಕೌದಿ

ಮರುದಿನ ಬೆಳಗ್ಗೆ ಆ ಯುವಕನೇ ನಮ್ಮನ್ನು ಹಳಿಯಾಳ ತಾಲೂಕಿನ ತನ್ನ ಊರಿಗೆ ಕರೆದುಕೊಂಡು ಹೋದ. ಕಾಡಂಚಿನಲ್ಲಿ ಹೆಂಚಿನ ಮನೆಗಳು, ಸುತ್ತ ಭತ್ತ, ಜೋಳದ ಗದ್ದೆಗಳು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ, ಅಂಕೋಲಾ ಭಾಗಗಳಲ್ಲಿ ಸಿದ್ದಿಗಳಿದ್ದಾರೆ. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಉಂಟು. ಮುಸ್ಲಿಂ ಸಿದ್ದಿಗಳು ಹೆಚ್ಚಾಗಿ ಹಳಿಯಾಳ ತಾಲೂಕಿನವರು. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನು ತಂದು ಮಾರುತ್ತಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಇಲ್ಲಿ ಬೆಳೆಯಿತು. ದಖ್ಖನಿನ ಸುಲ್ತಾನರ ಸೇವೆಯಲ್ಲಿದ್ದವರ ಕಡೆಯಿಂದಲೂ ಕೆಲವರು ಬಂದಿರಬೇಕೆಂದು ಇತಿಹಾಸಕಾರರು ಹೇಳುತ್ತಾರೆ. 2003ರಲ್ಲಿ ಈ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಕರ್ನಾಟಕದ ಶಾಸನಸಭೆ ಪ್ರವೇಶಿಸಿದ ಮೊದಲ ಸಿದ್ದಿಯಾದರು.

ಮನೆಯ ಜಗಲಿಯಲ್ಲಿ ಯುವಕನ ಅಜ್ಜಿ ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆ, ಅಂಗಿ, ಲುಂಗಿಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಮೂಲೆಯಿಂದ ಹೊಲಿಗೆ ಶುರುಮಾಡಿ, ಅಂಚಿನ ಸುತ್ತ ಬರುತ್ತಾ ಬರುತ್ತಾ ನಡುವಿಗೆ ಬಂದು ಮುಗಿಸುವುದು ಸಿದ್ದಿ ಹೆಂಗಸರ ಕ್ರಮ. ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಒಂದೊಂದು ಹೂವು ಇಡುತ್ತಾರೆ. ಅದಕ್ಕೆ ಫುಲಾ ಎಂದು ಹೆಸರು. ಫುಲಾ ಇಲ್ಲದಿದ್ದರೆ ಕೌದಿ ಪೂರ್ತಿಯಾಗದು. ಕ್ರೈಸ್ತ ಸಿದ್ದಿಗಳ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳ ಕೌದಿಯಲ್ಲಿ ಅರ್ಧಚಂದ್ರ ಕಾಣುವುದುಂಟು. ನಮ್ಮ ಹೆಂಗಸರು ಒಂದು ಕೌದಿ ಕೊಂಡರು. ದುಡ್ಡಿನ ಮಾತು ಮುಗಿಯುವ ಮೊದಲೇ ಅಜ್ಜಿ ಎಲ್ಲರಿಗೂ ಚಹಾ ಕೊಟ್ಟರು.

ನಿಮ್ಮವರು ಕಟ್ಟಿದ ಹಳೆಯ ಮಸೀದಿ, ಮಖಾಂ ಏನಾದರೂ ಇಲ್ಲಿ ಉಂಟಾ ಎಂದು ಕೇಳಿದೆವು. ಅಜ್ಜಿ ತಲೆಯಲ್ಲಾಡಿಸಿದರು. ಹಿರಿಯರಿಂದ ಉಳಿದು ಬಂದದ್ದು ಈ ಹೊಲಿಗೆ ಮತ್ತು ಡಮಾಮ್ ಎಂದರು.

ಕಾಡಿನಲ್ಲಿ ಎಲ್ಲರ ನೆನಪಿಗೂ ಜಾಗ ಉಂಟು

ಈ ತಾಲೂಕುಗಳಲ್ಲಿ ತಿರುಗಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಜೋಯಿಡಾದ ಉಳವಿಯಲ್ಲಿ, ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಿಂದ ಬಂದ ಚೆನ್ನಬಸವಣ್ಣನವರ ಸಮಾಧಿ ಇದೆ. ಬಯಲುಸೀಮೆಯ ಭಕ್ತರು ಇಂದಿಗೂ ಎತ್ತಿನ ಗಾಡಿ ಕಟ್ಟಿಕೊಂಡು ಜಾತ್ರೆಗೆ ಬರುತ್ತಾರೆ. ಮುಂಡಗೋಡಿನಲ್ಲಿ ಟಿಬೆಟಿಯನ್ ನಿರಾಶ್ರಿತರ ವಸಾಹತು ಶುರುವಾದದ್ದು 1966ರಲ್ಲಿ. ತಾಯ್ನಾಡಿನಲ್ಲಿ ಬಿಟ್ಟು ಬಂದ ಗಾಡೆನ್, ಡ್ರೆಪುಂಗ್ ಮಠಗಳನ್ನು ಅವರು ಅದೇ ಹೆಸರಿನಲ್ಲಿ ಇಲ್ಲಿ ಮತ್ತೆ ಕಟ್ಟಿಕೊಂಡರು. ನಾವು ಹೋದಾಗ ಬುದ್ಧನ ಚಿನ್ನದ ಬಣ್ಣದ ದೊಡ್ಡ ಪ್ರತಿಮೆಗಳ ಮುಂದೆ ಪ್ರವಾಸಿಗರು ತುಂಬಿದ್ದರು. ಒಬ್ಬ ಹಿರಿಯ ಭಿಕ್ಷು ನಮ್ಮ ಮಕ್ಕಳಿಗೆ ಎಲ್ಲವನ್ನೂ ಕನ್ನಡದಲ್ಲೇ ವಿವರಿಸಿದರು.

ಅರುವತ್ತು ವರ್ಷಗಳ ಹಿಂದೆ ಬಂದವರ ನೆನಪಿಗೆ ಇಲ್ಲಿ ಕಲ್ಲು, ಕಂಬ, ಪ್ರತಿಮೆ ಉಂಟು. ಅದು ಸಂತೋಷದ ವಿಷಯ. ಆದರೆ ಶತಮಾನಗಳಿಂದ ಇದೇ ಕಾಡಿನಲ್ಲಿರುವ ಸಿದ್ದಿಗಳ ಹೆಸರಿನ ಒಂದು ಕಲ್ಲೂ ನಮಗೆ ದಾರಿಯಲ್ಲಿ ಸಿಗಲಿಲ್ಲ.

ನಮ್ಮ ತಂಡದಲ್ಲಿದ್ದ ಹೈಸ್ಕೂಲ್ ಮಾಷ್ಟ್ರು ಆಗ ಹೇಳಿದರು: "ಕಲ್ಲು ಉಂಟು. ಇಲ್ಲಿ ಅಲ್ಲ, ಬಿಜಾಪುರದಲ್ಲಿ." ಗಾಡಿ ಹುಬ್ಬಳ್ಳಿಯ ಮೇಲಿಂದ ವಿಜಯಪುರದ ದಾರಿ ಹಿಡಿಯಿತು.

ಗುಮ್ಮಟದೊಳಗೆ ಒಂದು ಹೆಸರು

ವಿಜಯಪುರಕ್ಕೆ ಶಾಲಾ ಪ್ರವಾಸದಲ್ಲಿ ಹೋದವರು ನಮ್ಮಲ್ಲಿ ಬಹಳ. ಆದರೆ ನೆನಪಿರುವುದು ಗೋಳಗುಮ್ಮಟದ ಪ್ರತಿಧ್ವನಿ ಮಾತ್ರ. 1656ರಲ್ಲಿ ತೀರಿಕೊಂಡ ಸುಲ್ತಾನ್ ಮುಹಮ್ಮದ್ ಆದಿಲ್ ಶಾನ ಗೋರಿ ಅದು. ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್, ನಡುವೆ ಒಂದು ಕಂಬವೂ ಇಲ್ಲ. ಈ ಸುಲ್ತಾನನ ಆಡಳಿತವನ್ನು ನಡೆಸಿದ ವಝೀರ ಇಖ್ಲಾಸ್ ಖಾನ್ ಒಬ್ಬ ಹಬ್ಶಿ. ಮೊದಲ ಹೆಸರು ಮಲಿಕ್ ರೈಹಾನ್. ಆ ಕಾಲದ ಒಂದು ಪ್ರಸಿದ್ಧ ಚಿತ್ರದಲ್ಲಿ ಸುಲ್ತಾನ ಆನೆಯ ಮೇಲೆ ಕುಳಿತಿದ್ದಾನೆ, ಅವನ ಬೆನ್ನ ಹಿಂದೆ ಅದೇ ಆನೆಯ ಮೇಲೆ ಕಪ್ಪು ಮೈಬಣ್ಣದ ಇಖ್ಲಾಸ್ ಖಾನ್ ಇದ್ದಾನೆ. ಮಾಷ್ಟ್ರು ಮೊಬೈಲಿನಲ್ಲಿ ಆ ಚಿತ್ರ ತೋರಿಸಿದಾಗ ಮಕ್ಕಳೆಲ್ಲ ಮುತ್ತಿಕೊಂಡರು.

ಇವನಿಗಿಂತ ಎರಡು ತಲೆಮಾರು ಮೊದಲು, 1580ರಲ್ಲಿ, ಇಬ್ರಾಹಿಂ ಆದಿಲ್ ಶಾ ಇನ್ನೂ ಹುಡುಗನಾಗಿದ್ದಾಗಲೇ ಪಟ್ಟಕ್ಕೆ ಬಂದ. ಆಗ 1582ರಿಂದ 1590ರ ತನಕ ರಾಜ್ಯದ ಅಧಿಕಾರ ಕೈಯಲ್ಲಿ ಹಿಡಿದಿದ್ದ ದಿಲಾವರ್ ಖಾನನೂ ಹಬ್ಶಿಯೇ.

ಇಬ್ರಾಹಿಂ ರೋಝಾಕ್ಕೆ ಬಂದಾಗ ಮಧ್ಯಾಹ್ನ ದಾಟಿತ್ತು. ಒಂದೇ ಜಗಲಿಯ ಮೇಲೆ ಗೋರಿ ಮತ್ತು ಮಸೀದಿ ಎದುರುಬದುರು ನಿಂತಿವೆ, ನಡುವೆ ನೀರಿನ ಕೊಳ. ಗೋಡೆ ತುಂಬ ಖುರ್‌ಆನ್ ಆಯತ್‌ಗಳ ಕೆತ್ತನೆ. ಕಿಟಕಿಯ ಜಾಲಂದ್ರಗಳೂ ಅರಬಿ ಅಕ್ಷರಗಳವೇ. ನಮ್ಮ ಮಕ್ಕಳು ಮದ್ರಸದಲ್ಲಿ ಕಲಿತ ಅಕ್ಷರಗಳನ್ನು ಕಲ್ಲಿನಲ್ಲಿ ಬೆರಳಿಟ್ಟು ಕೂಡಿಸಿ ಓದಿದರು. ಇದನ್ನು ಕಟ್ಟಿದ ಮಲಿಕ್ ಸಂದಲ್‌ನ ಹೆಸರು ಅಲ್ಲಿನ ಪರ್ಷಿಯನ್ ಶಾಸನದಲ್ಲಿದೆ. ಖರ್ಚಾದದ್ದು ಸುಮಾರು ಒಂದೂವರೆ ಲಕ್ಷ ಹೊನ್ನು ಎಂಬ ಲೆಕ್ಕವೂ ಇದೆ. ಇವನು ಪರ್ಷಿಯಾದವನೆಂದು ಕೆಲವರು, ಹಬ್ಶಿಯೆಂದು ಕೆಲವು ಇತಿಹಾಸಕಾರರು ಹೇಳುತ್ತಾರೆ.

ಜಾಮಿಯಾ ಮಸೀದಿಯ ಮಿಹ್ರಾಬ್‌ಗೆ ಹಿಜರಿ 1045ರಲ್ಲಿ, ಅಂದರೆ 1636ರ ಸುಮಾರಿಗೆ, ಚಿನ್ನದ ಬಣ್ಣದ ಅಲಂಕಾರ ಮಾಡಿಸಿದ್ದು ಸುಲ್ತಾನ್ ಮುಹಮ್ಮದನ ಸೇವಕ ಮಲಿಕ್ ಯಾಕೂತ್.

ಹೆಸರುಗಳನ್ನು ಒಮ್ಮೆ ಸಾಲಾಗಿ ಓದಿ ನೋಡಿ. ಯಾಕೂತ್ ಅಂದರೆ ಮಾಣಿಕ್ಯ. ಅಂಬರ್, ಸಂದಲ್, ರೈಹಾನ್ ಎಲ್ಲವೂ ಪರಿಮಳದ ಹೆಸರುಗಳು. ಜೌಹರ್ ಅಂದರೆ ರತ್ನ. ಆಗಿನ ಕಾಲದಲ್ಲಿ ಗುಲಾಮರಿಗೆ ಇಂಥ ಹೆಸರಿಡುವ ರೂಢಿಯಿತ್ತು. ಉಮ್ಮ ಉಪ್ಪ ಕರೆದ ಹೆಸರನ್ನು ಕಿತ್ತುಕೊಂಡು, ಪೆಟ್ಟಿಗೆಯಲ್ಲಿಡುವ ವಸ್ತುವಿನ ಹೆಸರು ಕೊಟ್ಟರು. ಎಷ್ಟು ಚಂದದ ಹೆಸರಾದರೂ ಅದು ಮಾರಿದವನ ಅಥವಾ ಕೊಂಡವನ ಗುರುತು. ಹೀಗಾಗಿ ಈ ಕಟ್ಟಡಗಳನ್ನು ನೋಡಿ ಗುಲಾಮಗಿರಿಯನ್ನು ಹೊಗಳಿ ಬರುವ ಕಾರಣ ಇಲ್ಲ. ಕೊಂಡುತಂದ ಮನುಷ್ಯ ತನ್ನ ಬುದ್ಧಿ, ಕೈಚಳಕದಿಂದ ಎಲ್ಲಿಗೆ ತಲುಪಿದ ಎಂಬುದನ್ನು ತಿಳಿದು ಬರಬಹುದು.

ಇಂಥ ಗುರುತುಗಳು ವಿಜಯಪುರದಲ್ಲಿ ಮಾತ್ರ ಇರುವುದಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿ, ಹಲವು ಕೈ ಬದಲಾಗಿ ಅಹ್ಮದ್‌ನಗರಕ್ಕೆ ಬಂದ ಮಲಿಕ್ ಅಂಬರ್ ಅಲ್ಲಿಯ ಪೇಶ್ವೆಯಾಗಿ ಜಹಾಂಗೀರನ ಸೈನ್ಯವನ್ನು ವರ್ಷಗಟ್ಟಲೆ ತಡೆದ. ಮುಂದೆ ಔರಂಗಾಬಾದ್ ಎನಿಸಿದ ಖಡ್ಕಿ ನಗರವನ್ನು 1610ರಲ್ಲಿ ಕಟ್ಟಿದವನು, ಅದಕ್ಕೆ ನೀರಿನ ಕಾಲುವೆ ತಂದವನು ಅವನೇ. 1626ರಲ್ಲಿ ತೀರಿಕೊಂಡ ಅವನ ಗೋರಿ ಖುಲ್ದಾಬಾದಿನಲ್ಲಿದೆ. ಅಹ್ಮದಾಬಾದಿನಲ್ಲಿ 1573ರ ಸುಮಾರಿಗೆ ಕಟ್ಟಿದ ಸಿದಿ ಸಯ್ಯದ್ ಮಸೀದಿಯ ಕಲ್ಲಿನ ಜಾಲಂದ್ರವೇ ಅಲ್ಲಿನ ಐಐಎಂ ಸಂಸ್ಥೆಯ ಲಾಂಛನಕ್ಕೆ ಮಾದರಿ. ಕೊಂಕಣದ ಜಂಜೀರಾ ಕೋಟೆಯನ್ನು ಸಿದ್ದಿಗಳು ಯಾರಿಗೂ ಸೋಲದೆ ಕಾಯ್ದುಕೊಂಡರು. ಅರಬಿಯ ಜಝೀರಾ, ಅಂದರೆ ದ್ವೀಪ ಎಂಬ ಶಬ್ದವೇ ಜಂಜೀರಾ ಆಗಿದೆ.

ಹಳಿಯಾಳದ ಯುವಕ ಇಖ್ಲಾಸ್ ಖಾನನ ವಂಶದವನೇ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಲು ಯಾರ ಬಳಿಯೂ ವಂಶಾವಳಿ ಇಲ್ಲ. ಆದರೆ "ಯಾವ ದೇಶ?" ಎಂದು ಕೇಳುವವರಿಗೆ ವಿಜಯಪುರದ ಕಲ್ಲುಗಳಲ್ಲಿ ಉತ್ತರ ಉಂಟು. ಹಬ್ಶಿಗಳು ಈ ನಾಡಿಗೆ ನಿನ್ನೆ ಬಂದವರಲ್ಲ.

ಪ್ರತಿಮೆ ಬೇಡ, ಒಂದು ಸಾಲು ಸಾಕು

ನಾವು ಓದಿದ ಫಲಕಗಳಲ್ಲಿ ಸುಲ್ತಾನರ ಹೆಸರು, ಇಸವಿ, ಅಳತೆ ಕಂಡಿತು. ಹಬ್ಶಿ ಎಂಬ ಪದ ನಮ್ಮ ಕಣ್ಣಿಗೆ ಬೀಳಲಿಲ್ಲ. ವಿಜಯಪುರದ ವೃತ್ತಗಳಲ್ಲಿ ದೊಡ್ಡವರ ಪ್ರತಿಮೆಗಳಿವೆ, ಇರಲಿ. ಪ್ರತಿಮೆ ಕೇಳುವುದು ನಮ್ಮ ಕ್ರಮವೂ ಅಲ್ಲ. ಆದರೆ ಗುಮ್ಮಟದ ಎದುರಿನ ಫಲಕದಲ್ಲಿ "ಈ ಸುಲ್ತಾನನ ವಝೀರ ಹಬ್ಶಿ ಇಖ್ಲಾಸ್ ಖಾನ್" ಎಂಬ ಒಂದು ಸಾಲು ಸೇರಿಸಿದರೆ ಏನು ಖರ್ಚು? ಹಳಿಯಾಳದಿಂದ ಶಾಲಾ ಪ್ರವಾಸಕ್ಕೆ ಬಂದ ಸಿದ್ದಿ ಹುಡುಗಿಯೊಬ್ಬಳು ಅದನ್ನು ತನ್ನ ಸಹಪಾಠಿಗಳ ಮುಂದೆ ಗಟ್ಟಿಯಾಗಿ ಓದಬಹುದು.

ಅದು ಸರಕಾರದ ಕೆಲಸವಾಯಿತು. ನಮ್ಮ ಕೈಯಲ್ಲೇ ಆಗುವ ಕೆಲಸವೂ ಉಂಟು. ನಮ್ಮ ಜಮಾಅತ್‌ಗಳು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ಹಳಿಯಾಳದ ಸಿದ್ದಿ ಮಕ್ಕಳನ್ನೂ ಜೊತೆಗೆ ಸೇರಿಸಿಕೊಳ್ಳಬಹುದು. ಕರಾವಳಿಯಲ್ಲಿ ನಮ್ಮವರು ನಡೆಸುವ ಶಾಲೆ, ಕಾಲೇಜುಗಳಲ್ಲಿ ಅವರಿಗೆ ಕೆಲವು ಸೀಟು, ವಿದ್ಯಾರ್ಥಿವೇತನ ಇಡಬಹುದು. ದಾಂಡೇಲಿಗೆ ಹೋದವರು ಡಮಾಮಿ ನೋಡಿ ಹಿಂತಿರುಗುವ ಮೊದಲು ಕುಣಿದವರ ಹೆಸರು, ಊರು ಕೇಳಬಹುದು. ಕೌದಿ ಕೊಳ್ಳುವುದಾದರೆ ಹೊಲಿದವರ ಕೈಯಿಂದಲೇ, ಚೌಕಾಸಿ ಮಾಡದೆ ಕೊಳ್ಳಬಹುದು.

ಬ್ಯಾರಿಗಳ ಕಥೆ ಶುರುವಾಗುವುದೂ ಕಡಲಿನಿಂದಲೇ. ಅರಬ್ ವರ್ತಕರ ಹಡಗು, ಕರಾವಳಿಯ ಬಂದರು ಎಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅದೇ ಕಡಲಿನಲ್ಲಿ ಸರಪಳಿ ಹಾಕಿಸಿಕೊಂಡು ಬಂದವರೂ ಇದ್ದರು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳುವುದಿಲ್ಲ. ಬಿಳಿಯನಿಗೆ ಕರಿಯನ ಮೇಲೆ ಯಾವ ಹೆಚ್ಚುಗಾರಿಕೆಯೂ ಇಲ್ಲ ಎಂದು ಪ್ರವಾದಿಯವರು (ಸ) ಕಲಿಸಿದ್ದನ್ನು ಜುಮಾ ಖುತ್ಬಾಗಳಲ್ಲಿ ಎಷ್ಟು ಸಲ ಕೇಳಿಲ್ಲ? ಆದರೂ ಮನೆಯಲ್ಲಿ ಹೆಣ್ಣು ನೋಡುವ ಮಾತು ಬಂದಾಗ "ಬಣ್ಣ ಹೇಗೆ?" ಎಂಬ ಪ್ರಶ್ನೆಯೇ ಮೊದಲು ಬರುತ್ತದೆ.

ಹೊರಡುವ ಮೊದಲು ಮಕ್ಕಳು ಮತ್ತೊಮ್ಮೆ ಗೋಳಗುಮ್ಮಟಕ್ಕೆ ಹೋಗಬೇಕೆಂದು ಹಟ ಹಿಡಿದರು. ಮೇಲಿನ ಸುತ್ತುಮೊಗಸಾಲೆಯಲ್ಲಿ ಎಲ್ಲರೂ ತಮ್ಮ ತಮ್ಮ ಹೆಸರು ಕೂಗಿ ಕೇಳುತ್ತಿದ್ದರು. ನಮ್ಮ ಎಂಟು ವರ್ಷದವನು ಗೋಡೆಗೆ ಮುಖವಿಟ್ಟು "ಇಖ್ಲಾಸ್ ಖಾನ್" ಎಂದ. ಗುಮ್ಮಟ ಅದನ್ನು ಮತ್ತೆ ಮತ್ತೆ ಹೇಳಿತು. ಪಕ್ಕದಲ್ಲಿ ನಿಂತಿದ್ದ ಯಾರದೋ ಮಗು "ಅದು ಯಾರು?" ಎಂದು ಕೇಳಿತು. ಮೊನ್ನೆ ದಾಂಡೇಲಿಯಲ್ಲಿ "ಇವರೂ ನಮ್ಮವರಾ?" ಎಂದು ಕೇಳಿದವನೇ ಈಗ ಆ ಮಗುವಿಗೆ ಕಥೆ ಹೇಳತೊಡಗಿದ.